ಹಿಡಿದ ನೋವಿಗೆ ಕೈಯ ಮದ್ದು: ಮಯೋಫೇಷಿಯಲ್ ರಿಲೀಸ್ ಎಂದರೇನು, ಏನಲ್ಲ?

ಶಿವಮೊಗ್ಗ: ಕನ್ನಡದಲ್ಲಿ ನೋವು ಬರುವುದಷ್ಟೇ ಅಲ್ಲ, ಹಿಡಿಯುತ್ತದೆ. ಸೊಂಟ ಹಿಡಿದಿದೆ, ಕುತ್ತಿಗೆ ಹಿಡಿದಿದೆ, ಬೆನ್ನು ಹಿಡಿದುಕೊಂಡಿದೆ ಎನ್ನುತ್ತೇವೆ. ಹಿಡಿದದ್ದನ್ನು ಯಾರಾದರೂ ಬಿಡಿಸಬೇಕು ಎಂಬ ನಿರೀಕ್ಷೆಯೂ ಆ ಮಾತಿನಲ್ಲೇ ಅಡಗಿದೆ. ಹಾಗಾಗಿ ಫಿಜಿಯೋಥೆರಪಿ ಕೇಂದ್ರಗಳ ಫಲಕಗಳಲ್ಲಿ ಈಚಿನ ವರ್ಷಗಳಲ್ಲಿ ಕಾಣಿಸುತ್ತಿರುವ 'ಮಯೋಫೇಷಿಯಲ್ ರಿಲೀಸ್' ಎಂಬ ಹೆಸರು ಕಿವಿಗೆ ಹೊಸತಾದರೂ ಅರ್ಥದಲ್ಲಿ ನಮಗೆ ಅಪರಿಚಿತವಲ್ಲ. 'ಮಯೋ' ಎಂದರೆ ಸ್ನಾಯು, 'ಫ್ಯಾಸಿಯಾ' ಎಂದರೆ ಅದನ್ನು ಹೊದ್ದಿರುವ ಪೊರೆ, 'ರಿಲೀಸ್' ಎಂದರೆ ಬಿಡಿಸುವುದು. ಔಷಧವಿಲ್ಲದೆ, ಯಂತ್ರವಿಲ್ಲದೆ, ಕೇವಲ ಕೈಯಿಂದ ಹಿಡಿತ ಬಿಡಿಸುವ ಚಿಕಿತ್ಸೆ ಇದು.

ಈ ಚಿಕಿತ್ಸೆಯನ್ನು ಅರಸುವವರು ಶಿವಮೊಗ್ಗ ಮತ್ತು ಭದ್ರಾವತಿಯಲ್ಲಿ ಹೆಚ್ಚಿದ್ದರೆ ಅಚ್ಚರಿಪಡಬೇಕಾಗಿಲ್ಲ. ಸುಮಾರು 20 ಕಿ.ಮೀ. ಅಂತರದ ಈ ಎರಡೂ ಊರುಗಳು ಮೈಮುರಿದು ದುಡಿದ ಊರುಗಳು. ಹಿಂದೆ ಬೆಂಕಿಪುರವೆಂದು ಕರೆಸಿಕೊಂಡಿದ್ದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡಿತು (ಊರಿನ ಹಳೆಯ ಹೆಸರು ಮುಂದಾಗುವುದನ್ನು ಊಹಿಸಿತ್ತೇನೋ ಎನಿಸುತ್ತದೆ). 1930ರ ದಶಕದಲ್ಲಿ ಕಾಗದ ಕಾರ್ಖಾನೆ ಬಂತು. ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಯಂತ್ರಗಳ ಸದ್ದು ತಗ್ಗಿದರೂ ನ್ಯೂಟೌನ್ ಮತ್ತು ಕಾಗದನಗರದ ನಿವೃತ್ತರ ಮಂಡಿ, ಸೊಂಟ, ಭುಜಗಳಲ್ಲಿ ಆ ಪಾಳಿಗಳ ನೆನಪು ಉಳಿದಿದೆ. ಇತ್ತ ಶಿವಮೊಗ್ಗದಲ್ಲಿ ಎಪಿಎಂಸಿ ಪ್ರಾಂಗಣದಲ್ಲಿ ಮೂಟೆ ಹೊರುವ ಹಮಾಲರು, ಮಾಚೇನಹಳ್ಳಿಯ ಸಿದ್ಧ ಉಡುಪು ಘಟಕಗಳಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮೇಲೆ ಬಾಗಿರುವ ಹೆಣ್ಣುಮಕ್ಕಳು, ಕಂಪ್ಯೂಟರ್ ಮುಂದೆ ಕತ್ತು ಚಾಚಿ ಕುಳಿತ ಗುಮಾಸ್ತರು ಇದ್ದಾರೆ. ಸುತ್ತಲಿನ ತೋಟಗಳಲ್ಲಿ ಸುಗ್ಗಿ ಬಂತೆಂದರೆ ಕೊನೆ ಇಳಿಸುವವರ ಭುಜ ಮತ್ತು ಮೆಟ್ಟುಗತ್ತಿಯ ಮುಂದೆ ತಡರಾತ್ರಿಯವರೆಗೆ ಕುಳಿತು ಅಡಿಕೆ ಸುಲಿಯುವವರ ಬೆನ್ನು ಒಟ್ಟಿಗೇ ಸೋಲುತ್ತವೆ.

ಮೂರು ತಿಂಗಳಿಗೂ ಮೀರಿ ಉಳಿದ ಅಥವಾ ಮರುಕಳಿಸುತ್ತಲೇ ಇರುವ ನೋವನ್ನು ವೈದ್ಯಶಾಸ್ತ್ರ 'ದೀರ್ಘಕಾಲಿಕ ನೋವು' ಎಂದು ಪರಿಗಣಿಸುತ್ತದೆ. ಎಕ್ಸ್‌ರೇಯಲ್ಲಿ ಏನೂ ಕಾಣಿಸದು, ಮಾತ್ರೆಯಿಂದ ನಾಲ್ಕು ಗಂಟೆ ನೆಮ್ಮದಿ, ಮತ್ತೆ ಅದೇ ಪಾಡು. ಇಂಥ ರೋಗಿ ಕೈಚಿಕಿತ್ಸೆಯ ಮೊರೆ ಹೋಗುವುದು ಸಹಜ. ಅದರಿಂದ ಅವನಿಗೆ ಸಿಗುವುದೇನು, ಸಿಗದೇ ಹೋಗುವುದೇನು ಎಂಬುದನ್ನು ತಿಳಿದು ಹೋದರೆ ಹಣವೂ ಉಳಿಯುತ್ತದೆ, ಕೆಲವೊಮ್ಮೆ ಜೀವವೂ.

ಚಕ್ಕೋತ ಹಣ್ಣಿನ ಪಾಠ

ಫ್ಯಾಸಿಯಾ ಎಂಬುದನ್ನು ಅರಿಯಲು ಚಕ್ಕೋತ ಹಣ್ಣನ್ನು ಬಿಡಿಸಿ ನೋಡಿದರೆ ಸಾಕು. ಹೊರಸಿಪ್ಪೆಯ ಕೆಳಗೆ ಬೆಂಡಿನಂಥ ಬಿಳಿಯ ಪದರ. ಅದರೊಳಗೆ ಪ್ರತಿ ತೊಳೆಗೂ ಒಂದು ಪೊರೆ. ತೊಳೆಯ ಒಳಗೆ ರಸ ತುಂಬಿದ ಪ್ರತಿ ಎಸಳಿಗೂ ಮತ್ತೊಂದು ತೆಳುಪೊರೆ. ನಮ್ಮ ದೇಹದ ರಚನೆಯೂ ಹೀಗೆಯೇ. ಚರ್ಮದ ಕೆಳಗೊಂದು ಸಡಿಲ ಪದರವಿದೆ. ಅದರಡಿ ಸ್ನಾಯುಗಳ ಗುಂಪನ್ನು ಸುತ್ತಿದ ಗಟ್ಟಿ ಪೊರೆ, ಒಂದೊಂದು ಸ್ನಾಯುವಿಗೂ ಪ್ರತ್ಯೇಕ ಹೊದಿಕೆ, ಸ್ನಾಯುವಿನ ಒಂದೊಂದು ಎಳೆಗೂ ಕಣ್ಣಿಗೆ ಕಾಣದಷ್ಟು ತೆಳುವಾದ ಕವಚ. ಕೊಲ್ಯಾಜೆನ್ ಎಂಬ ನಾರಿನಿಂದ ನೇಯ್ದ ಈ ಪೊರೆ ತಲೆಯಿಂದ ಅಂಗಾಲಿನವರೆಗೆ ಎಲ್ಲೂ ಪೂರ್ತಿ ಕಡಿಯದೆ ಸಾಗುತ್ತದೆ. ಪದರಗಳ ನಡುವೆ ಹಯಲುರಾನಿಕ್ ಆಮ್ಲವೆಂಬ ಜಾರುವ ವಸ್ತುವಿದ್ದು, ಒಂದರ ಮೇಲೊಂದು ಸರಿದಾಡಲು ನೆರವಾಗುತ್ತದೆ.

ಬಹುಕಾಲ ಅಂಗರಚನಾ ಶಾಸ್ತ್ರದ ವಿದ್ಯಾರ್ಥಿಗಳು ಈ ಪೊರೆಯನ್ನು ಕತ್ತರಿಸಿ ಬದಿಗಿಟ್ಟು, 'ನಿಜವಾದ' ಸ್ನಾಯುವನ್ನು ನೋಡುತ್ತಿದ್ದರು. ಅದು ಬರಿಯ ಹೊದಿಕೆಯಲ್ಲ, ಅದರಲ್ಲೂ ನೋವನ್ನು ಗ್ರಹಿಸುವ ನರತುದಿಗಳಿವೆ ಎಂಬುದು ಗಂಭೀರ ಅಧ್ಯಯನದ ವಿಷಯವಾದದ್ದು ಈಚೆಗೆ. ಫ್ಯಾಸಿಯಾ ಸಂಶೋಧನೆಗೆಂದೇ ಮೀಸಲಾದ ಮೊದಲ ಅಂತರರಾಷ್ಟ್ರೀಯ ಸಮಾವೇಶ ನಡೆದದ್ದು 2007ರಲ್ಲಿ, ಅಮೆರಿಕದ ಬಾಸ್ಟನ್‌ನಲ್ಲಿ. ಅಲ್ಲಿನ ವರ್ಮಾಂಟ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಟ್ರಾಸೌಂಡ್ ಮೂಲಕ ಬೆನ್ನಿನ ಕೆಳಭಾಗದ ಪೊರೆಯನ್ನು ಪರೀಕ್ಷಿಸಿದರು. ದೀರ್ಘಕಾಲಿಕ ಬೆನ್ನುನೋವಿದ್ದವರಲ್ಲಿ ಅದು ಹೆಚ್ಚು ದಪ್ಪವಾಗಿದೆ ಎಂದು 2009ರಲ್ಲಿ, ಅದರ ಪದರಗಳು ಒಂದರ ಮೇಲೊಂದು ಸರಿಯುವ ಪ್ರಮಾಣ ಸುಮಾರು ಶೇ. 20ರಷ್ಟು ಕಡಿಮೆಯಾಗಿದೆ ಎಂದು 2011ರಲ್ಲಿ ವರದಿ ಮಾಡಿದರು. ಹಿಡಿದಿದೆ ಎಂಬ ನಮ್ಮ ಮಾತಿಗೆ ಇದಕ್ಕಿಂತ ಹತ್ತಿರದ ಪುರಾವೆ ಬೇರೆ ಸಿಗಲಿಕ್ಕಿಲ್ಲ. ಆದರೆ ಪೊರೆ ಬಿಗಿದದ್ದರಿಂದ ನೋವು ಬಂತೋ, ನೋವಿನಿಂದ ಚಲನೆ ತಗ್ಗಿ ಪೊರೆ ಬಿಗಿಯಿತೋ ಎಂಬುದು ಆ ಅಧ್ಯಯನಗಳಿಂದ ಇತ್ಯರ್ಥವಾಗಲಿಲ್ಲ.

ಇಲ್ಲೊಂದು ಮಾತು. ಆಡುನುಡಿಯಲ್ಲಿ ನಾವು ನರ, ಸ್ನಾಯುರಜ್ಜು, ರಕ್ತನಾಳ ಎಲ್ಲವನ್ನೂ 'ನರ' ಎಂದೇ ಕರೆಯುತ್ತೇವೆ. 'ನರ ಎಳೀತಿದೆ' ಎಂದ ರೋಗಿಗೆ ನಿಜಕ್ಕೂ ನರದ ತೊಂದರೆ ಇರಬಹುದು, ಇಲ್ಲದೆಯೂ ಇರಬಹುದು. ಚಿಕಿತ್ಸಕ ಮೊದಲು ಬಿಡಿಸಬೇಕಾದ ಗಂಟು ಇದು.

ಗಂಟಿನ ಜಾಡು ಹಿಡಿದವರು

ಒಂದು ಸ್ನಾಯುವಿನ ನೋವು ಮತ್ತೊಂದೆಡೆ ಕಾಣಿಸಿಕೊಳ್ಳಬಲ್ಲದು ಎಂಬುದನ್ನು ಲಂಡನ್ನಿನ ವೈದ್ಯ ಜೋನಾಸ್ ಕೆಲ್‌ಗ್ರೆನ್ 1938ರಲ್ಲಿ ತೋರಿಸಿಕೊಟ್ಟರು. ಸ್ವಯಂಸೇವಕರ ಸ್ನಾಯುಗಳಿಗೆ ಗಾಢ ಉಪ್ಪುನೀರನ್ನು ಚುಚ್ಚಿ, ನೋವು ಎಲ್ಲೆಲ್ಲಿಗೆ ಹರಡುತ್ತದೆಂದು ಅವರು ಗುರುತು ಮಾಡಿದ್ದರು. ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್ ಈ ಜಾಡನ್ನು ಮುಂದುವರಿಸಿ, ಒತ್ತಿದರೆ ದೂರಕ್ಕೆ ನೋವು ಚಿಮ್ಮಿಸುವ ಬಿಗಿಗಂಟುಗಳನ್ನು 'ಟ್ರಿಗರ್ ಪಾಯಿಂಟ್' ಎಂದು ಕರೆದರು. ಭುಜದ ಮೇಲಣ ಗಂಟು ಕಪಾಲದ ತಲೆನೋವಾಗಿ, ಪೃಷ್ಠದ ಒಳಗಂಟು ಕಾಲಿಗಿಳಿಯುವ ಸೆಳೆತವಾಗಿ ತೋರಬಹುದೆಂಬುದು ಅವರ ನಕ್ಷೆಗಳ ಸಾರ. ಬೆನ್ನುನೋವಿನಿಂದ ಬಳಲುತ್ತಿದ್ದ ಜಾನ್ ಕೆನಡಿಗೆ ಚಿಕಿತ್ಸೆ ನೀಡಿದ ಟ್ರಾವೆಲ್, 1961ರಲ್ಲಿ ಅಮೆರಿಕದ ಅಧ್ಯಕ್ಷರ ಖಾಸಗಿ ವೈದ್ಯರಾದ ಮೊದಲ ಮಹಿಳೆ. ಡೇವಿಡ್ ಸೈಮನ್ಸ್ ಜೊತೆಗೂಡಿ ಅವರು ಬರೆದ ಕೈಪಿಡಿಯ ಮೊದಲ ಸಂಪುಟ 1983ರಲ್ಲಿ ಹೊರಬಂತು. ಪೊರೆಯನ್ನೇ ಕೇಂದ್ರವಾಗಿರಿಸಿಕೊಂಡ ಇನ್ನೊಂದು ಧಾರೆ ಆಸ್ಟಿಯೋಪಥಿ ಪದ್ಧತಿಯಿಂದ ಮತ್ತು ಐಡಾ ರಾಲ್ಫ್ ಎಂಬ ಜೀವರಸಾಯನ ವಿಜ್ಞಾನಿಯ ಪ್ರಯೋಗಗಳಿಂದ ಬಂತು. ಮಯೋಫೇಷಿಯಲ್ ರಿಲೀಸ್ ಎಂಬ ಹೆಸರು 1980ರ ದಶಕದಲ್ಲಿ ಬಳಕೆಗೆ ಬಂದು, ಭೌತಚಿಕಿತ್ಸಕ ಜಾನ್ ಬಾರ್ನ್ಸ್ ಅವರ ತರಬೇತಿಗಳಿಂದ ಜನಪ್ರಿಯವಾಯಿತು.

ನಮ್ಮಲ್ಲಿ ಇದಕ್ಕೆ ಸಮಾನವಾದುದು ಇರಲಿಲ್ಲವೆಂದಲ್ಲ. ಗರಡಿಮನೆಗಳಲ್ಲಿ ಉಸ್ತಾದರು ಪೈಲ್ವಾನರ ತೊಡೆ, ಭುಜಗಳನ್ನು ಅಂಗೈ ಮತ್ತು ಮೊಣಕೈಯಿಂದ ತಿಕ್ಕಿ ಸಡಿಲಿಸುತ್ತಿದ್ದರು. ಉಳುಕು ತೆಗೆಯುವವರು ಊರಿಗೊಬ್ಬರಾದರೂ ಇದ್ದರು. ಬಾಣಂತಿಯ ಎಣ್ಣೆನೀರು ಇಂದಿಗೂ ನಿಂತಿಲ್ಲ. ಆಯುರ್ವೇದದ ಅಭ್ಯಂಗ ಶಾಸ್ತ್ರೋಕ್ತ ಚಿಕಿತ್ಸೆಯೇ ಆಗಿದ್ದು, ಶಿವಮೊಗ್ಗದಲ್ಲಿ ಸರ್ಕಾರಿ ಆಯುರ್ವೇದ ವೈದ್ಯಕೀಯ ಕಾಲೇಜೇ ಇದೆ. ವ್ಯತ್ಯಾಸವಿರುವುದು ಎಣ್ಣೆಯಲ್ಲಿ. ಅಭ್ಯಂಗದಲ್ಲಿ ಎಣ್ಣೆಯ ಮೇಲೆ ಕೈ ಜಾರಬೇಕು; ಮಯೋಫೇಷಿಯಲ್ ರಿಲೀಸ್‌ನಲ್ಲಿ ಕೈ ಜಾರಬಾರದು.

ಮೇಜಿನ ಮೇಲೆ ನಡೆಯುವುದೇನು?

ಮೊದಲ ಭೇಟಿಯ ಬಹುಪಾಲು ಮಾತು ಮತ್ತು ಪರೀಕ್ಷೆಗೇ ಹೋಗಬೇಕು. ನೋವು ಯಾವಾಗಿನಿಂದ, ಯಾವ ಕೆಲಸ, ಯಾವ ಔಷಧ, ರಾತ್ರಿ ನಿದ್ದೆ ಹೇಗೆ ಎಂದು ಕೇಳದೆ ನೇರವಾಗಿ ಮಲಗಿಸಿ ಒತ್ತಲಾರಂಭಿಸುವವರ ಬಳಿ ಎರಡನೆಯ ಬಾರಿ ಹೋಗದಿರುವುದೇ ಲೇಸು. ಅನಂತರ ಚಿಕಿತ್ಸಕರು ಎಣ್ಣೆ ಹಚ್ಚದೆ, ಇಲ್ಲವೇ ಅತಿ ಕಡಿಮೆ ಹಚ್ಚಿ, ಬಿಗಿಯಿರುವ ಭಾಗದ ಮೇಲೆ ಅಂಗೈಯನ್ನೋ ಬೆರಳ ಗೆಣ್ಣುಗಳನ್ನೋ ಊರಿ ನಿಧಾನವಾಗಿ ಒತ್ತಡ ಕೊಡುತ್ತಾರೆ. ಚರ್ಮವನ್ನು ಉಜ್ಜುವುದಿಲ್ಲ, ಚರ್ಮದ ಸಮೇತ ಅಡಿಯ ಪದರವನ್ನು ಒಂದು ದಿಕ್ಕಿಗೆ ಎಳೆದು, ಒಂದೂವರೆ ನಿಮಿಷದಿಂದ ಐದು ನಿಮಿಷದವರೆಗೆ ಹಾಗೆಯೇ ಹಿಡಿದಿರುತ್ತಾರೆ. ಕೈಯಡಿಯ ಬಿಗಿ ಕರಗಿದಂತೆ ಭಾಸವಾದಾಗ ಮುಂದಕ್ಕೆ ಸರಿಯುತ್ತಾರೆ. ಮೊಣಕೈ ಊರಿ ಆಳಕ್ಕೆ ಒತ್ತುವ 'ನೇರ' ವಿಧಾನವೂ, ಹೂವು ಮುಟ್ಟಿದಷ್ಟೇ ಹಗುರವಾದ 'ಪರೋಕ್ಷ' ವಿಧಾನವೂ ಬಳಕೆಯಲ್ಲಿವೆ. ಅರ್ಧ ಗಂಟೆಯಿಂದ ಒಂದು ಗಂಟೆಯ ಈ ಚಿಕಿತ್ಸೆಯನ್ನು ವಾರಕ್ಕೆ ಒಂದರಿಂದ ಮೂರು ಬಾರಿ ನೀಡುವುದು ವಾಡಿಕೆ. ಮರುದಿನ ಆ ಭಾಗದಲ್ಲಿ ತುಸು ನೋವಿರಬಹುದು. ಎರಡು ದಿನ ಮೀರಿಯೂ ಉಳಿದರೆ, ಮೈ ಕಪ್ಪುಗಟ್ಟಿದರೆ ಒತ್ತಡ ಅತಿಯಾಯಿತೆಂದೇ ಅರ್ಥ. ಹೆಚ್ಚು ನೋವಾದಷ್ಟೂ ಹೆಚ್ಚು ಗುಣ ಎಂಬ ನಂಬಿಕೆಗೆ ಆಧಾರವಿಲ್ಲ.

ಪುರಾವೆ ಏನು ಹೇಳುತ್ತದೆ?

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲಿಕ ಬೆನ್ನುನೋವಿನ ಕುರಿತು ಮೊದಲ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಕೆಳಬೆನ್ನಿನ ನೋವಿತ್ತು. ವ್ಯಾಯಾಮ, ರೋಗಿಗೆ ತಿಳಿವಳಿಕೆ ನೀಡುವುದು, ಮಾನಸಿಕ ಆಪ್ತಸಲಹೆ ಇವುಗಳ ಸಾಲಿನಲ್ಲಿ ಮಸಾಜ್‌ಗೂ ಅಲ್ಲಿ ಷರತ್ತಿನ ಒಪ್ಪಿಗೆ ಸಿಕ್ಕಿದೆ. ಆದರೆ ಅದರ ಹಿಂದಿನ ಪುರಾವೆ ದುರ್ಬಲ ಎಂದೂ ಹೇಳಲಾಗಿದೆ. ನಮ್ಮಲ್ಲಿ ಧಾರಾಳವಾಗಿ ಬಳಸುವ ಸೊಂಟಪಟ್ಟಿ, ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಶಾಖ ಮತ್ತು ವಿದ್ಯುತ್ ಕಂಪನದ ಚಿಕಿತ್ಸೆಗಳನ್ನು ಅದೇ ಮಾರ್ಗಸೂಚಿ ವಾಡಿಕೆಯಂತೆ ಬಳಸಬೇಡಿ ಎಂದಿದೆ. ಯಂತ್ರಕ್ಕಿಂತ ಕೈ ಮೇಲು ಎನ್ನುವವರಿಗೆ ಇದು ಖುಷಿ ತರುವ ಸಂಗತಿ.

ಮಯೋಫೇಷಿಯಲ್ ರಿಲೀಸ್ ಕುರಿತೇ ನೆರೆಯ ಕೇರಳದಲ್ಲಿ ಒಳ್ಳೆಯ ಕೆಲಸ ನಡೆದಿದೆ. ದೀರ್ಘಕಾಲಿಕ ಬೆನ್ನುನೋವಿದ್ದ ಶುಶ್ರೂಷಕ ಸಿಬ್ಬಂದಿಯ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡೂ ಗುಂಪುಗಳಿಗೆ ಬೆನ್ನಿನ ವ್ಯಾಯಾಮ ಹೇಳಿಕೊಡಲಾಯಿತು. ಜೊತೆಗೆ ಒಂದು ಗುಂಪಿಗೆ ನಿಜವಾದ ಚಿಕಿತ್ಸೆ, ಇನ್ನೊಂದಕ್ಕೆ ತೋರಿಕೆಯ ಸ್ಪರ್ಶ. ನಿಜವಾದ ಚಿಕಿತ್ಸೆ ಪಡೆದವರ ನೋವು ಹೆಚ್ಚು ಇಳಿಯಿತು. ಆದರೆ ತೋರಿಕೆಯ ಸ್ಪರ್ಶ ಪಡೆದವರ ನೋವೂ ಇಳಿದಿತ್ತು! ಈ ಎರಡನೆಯ ಸಂಗತಿಯನ್ನು ಪ್ರಚಾರಪತ್ರಗಳು ಹೇಳುವುದಿಲ್ಲ. ವ್ಯಾಯಾಮದ ಪಾಲೆಷ್ಟು, ಯಾರೋ ಗಮನವಿಟ್ಟು ಮುಟ್ಟಿದ್ದರ ಪಾಲೆಷ್ಟು, ಪೊರೆ ಬಿಡಿಸಿದ್ದರ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಇಂಥ ಪ್ರಯೋಗಗಳು ಬಹುತೇಕ ಚಿಕ್ಕವು. ಅವುಗಳಲ್ಲಿ ಚಿಕಿತ್ಸೆ ನೀಡುವವನಿಗೆ ತಾನು ನೀಡುತ್ತಿರುವುದು ನಿಜವೋ ತೋರಿಕೆಯೋ ಎಂಬುದು ಗೊತ್ತೇ ಇರುತ್ತದೆ.

ಇನ್ನು 'ಅಂಟಿಕೊಂಡ ಪೊರೆಯನ್ನು ಬಿಡಿಸುತ್ತೇವೆ' ಎಂಬ ವಿವರಣೆ. 2008ರಲ್ಲಿ ಪ್ರಕಟವಾದ ಗಣಿತೀಯ ಅಧ್ಯಯನವೊಂದು, ತೊಡೆಯ ಹೊರಬದಿಯ ಮತ್ತು ಅಂಗಾಲಿನ ಗಟ್ಟಿ ಪೊರೆಗಳನ್ನು ಅತ್ಯಲ್ಪ ಹಿಗ್ಗಿಸಲೂ ಮನುಷ್ಯನ ಕೈಗೆ ಮೀರಿದ ಬಲ ಬೇಕೆಂದು ಲೆಕ್ಕ ಹಾಕಿ ತೋರಿಸಿತು. ಹಾಗಾದರೆ ಕೈಯಡಿ ಕರಗುವುದೇನು? ಪೊರೆಯಲ್ಲಿರುವ ಸ್ಪರ್ಶಗ್ರಾಹಿಗಳು ನಿಧಾನದ ಒತ್ತಡಕ್ಕೆ ಸ್ಪಂದಿಸಿ, ಮಿದುಳಿನ ಮೂಲಕ ಸ್ನಾಯುವಿನ ಬಿಗಿಯನ್ನು ಇಳಿಸುತ್ತವೆ ಎಂಬುದು ಈಗ ಹೆಚ್ಚು ಒಪ್ಪಿತವಾಗುತ್ತಿರುವ ವಾದ. ಎಂದರೆ ಚಿಕಿತ್ಸಕ ಮಾತನಾಡುತ್ತಿರುವುದು ಪೊರೆಯ ಜೊತೆಗಲ್ಲ, ನರಮಂಡಲದ ಜೊತೆಗೆ. ಇದು ಹಿಡಿತ ಬಿಡಿಸಿದ ಮಾತ್ರಕ್ಕೆ ನೋವು ಮರುಕಳಿಸದು ಎಂಬ ಭರವಸೆಯನ್ನು ಅಲುಗಾಡಿಸುತ್ತದೆ. ಕೈ ಕೊಡುವ ಬಿಡುವು ಕೆಲವು ದಿನಗಳದು. ಆ ಬಿಡುವಿನಲ್ಲಿ ಬೆನ್ನು, ಭುಜಗಳನ್ನು ಮತ್ತೆ ಆಡಿಸಿ, ಬಲ ತುಂಬಿಕೊಂಡವರಿಗೆ ಮಾತ್ರ ಅದು ಉಳಿಯುತ್ತದೆ. ವ್ಯಾಯಾಮ ಹೇಳಿಕೊಡದೆ ಬರಿಯ ಮುಂದಿನ ದಿನಾಂಕ ಬರೆದುಕೊಡುವ ಕೇಂದ್ರ ರೋಗಿಯನ್ನು ಗುಣಪಡಿಸುತ್ತಿಲ್ಲ, ಕಾಯಂ ಗಿರಾಕಿಯನ್ನಾಗಿಸುತ್ತಿದೆ.

'ಸಮಗ್ರ ದೇಹ ಚಿಕಿತ್ಸೆ' ಎಂಬ ಮಾತಿನ ಬಗ್ಗೆಯೂ ಇಷ್ಟೇ ನೇರವಾಗಿ ಹೇಳಬೇಕು. ನೋವು ಇಳಿದಾಗ ನಿದ್ದೆ ಸುಧಾರಿಸುತ್ತದೆ, ಸಿಡುಕು ಕಡಿಮೆಯಾಗುತ್ತದೆ, ನಡೆದಾಡುವ ಹುರುಪು ಬರುತ್ತದೆ. ಆ ಅರ್ಥದಲ್ಲಿ ಲಾಭ ಇಡೀ ದೇಹದ್ದು. ಆದರೆ ಪೊರೆಯಲ್ಲಿ ಹಳೆಯ ದುಃಖಗಳು ಶೇಖರವಾಗಿರುತ್ತವೆ, ಒತ್ತಿದರೆ ವಿಷಾಂಶ ಹೊರಹೋಗುತ್ತದೆ, ಸಕ್ಕರೆ ಕಾಯಿಲೆ, ಥೈರಾಯ್ಡ್ ವಾಸಿಯಾಗುತ್ತವೆ ಎಂಬುದಕ್ಕೆ ಪುರಾವೆಯಿಲ್ಲ. ವಾಸ್ತವದಲ್ಲಿ ಸಂಬಂಧ ತಿರುಗುಮುರುಗಾಗಿದೆ: ಸಕ್ಕರೆ ಕಾಯಿಲೆಯವರಲ್ಲಿ ಭುಜ ಬಿಗಿಯುವುದು ಹೆಚ್ಚು, ಥೈರಾಯ್ಡ್ ಕೊರತೆಯಿಂದಲೂ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳಿಂದಲೂ ಮೈಕೈ ನೋವು ಬರಬಹುದು. ಇವನ್ನು ಪತ್ತೆ ಮಾಡುವುದು ಬೆರಳಲ್ಲ, ರಕ್ತಪರೀಕ್ಷೆ.

ಜ್ವರವಿದ್ದಾಗ ಮುಟ್ಟಬೇಡಿ

ಬೇರೆ ಊರುಗಳ ಆರೋಗ್ಯ ಪುಟಗಳಲ್ಲಿ ಸಾಮಾನ್ಯವಾಗಿ ಕಾಣದ ಎಚ್ಚರಿಕೆಯೊಂದು ಈ ಜಿಲ್ಲೆಗೆ ಅಗತ್ಯ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರ ಹೊತ್ತಿಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ತಂದ ಸಾವುನೋವು ಇನ್ನೂ ಮರೆತಿಲ್ಲ. ಉಣುಗುಗಳಿಂದ ಹರಡುವ ಈ ರೋಗ ಹಠಾತ್ ಜ್ವರ, ತೀವ್ರ ತಲೆನೋವು ಮತ್ತು ಸೊಂಟ, ಕತ್ತು, ಕೈಕಾಲುಗಳ ಅಸಹನೀಯ ಸ್ನಾಯುನೋವಿನೊಂದಿಗೆ ಆರಂಭವಾಗುತ್ತದೆ. ಮುಂದೆ ರಕ್ತಸ್ರಾವವೂ ಆಗಬಹುದು. ಅದರ ಕಾಲ ನವೆಂಬರ್‌ನಿಂದ ಮೇವರೆಗೆ. ಮಲೆನಾಡಿನ ಅಡಿಕೆ ಸುಗ್ಗಿಯೂ ಅದೇ ಕಾಲದಲ್ಲಿ ಬರುತ್ತದೆ. ಸುಲಿದು ಸುಲಿದು ಸೊಂಟ ಹಿಡಿದಿದೆ ಎಂದು ಭಾವಿಸಿ ಮೈ ತಿಕ್ಕಿಸಿಕೊಳ್ಳುತ್ತ ಎರಡು ದಿನ ಕಳೆದರೆ ಆಗುವ ಅನಾಹುತ ಊಹಿಸಬಹುದು. ಮಳೆಗಾಲದಲ್ಲಿ ಇಲಿಜ್ವರದ್ದೂ ಇದೇ ಕಥೆ: ಜ್ವರದೊಂದಿಗೆ ಮೀನಖಂಡ ಮುಟ್ಟಲಾಗದಷ್ಟು ನೋಯುವುದು ಅದರ ಪ್ರಸಿದ್ಧ ಲಕ್ಷಣ. ಜ್ವರವಿರುವ ಮೈಕೈ ನೋವು ಮಸಾಜ್ ಮೇಜಿಗೆ ಹೋಗಬಾರದು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಮೆಗ್ಗಾನ್ ಆಸ್ಪತ್ರೆಗೆ ಹೋಗಬೇಕು.

ಜ್ವರವಿಲ್ಲದೆಯೂ ಮೊದಲು ವೈದ್ಯರನ್ನೇ ಕಾಣಬೇಕಾದ ಸಂದರ್ಭಗಳಿವೆ. ಬೆನ್ನುನೋವಿನ ಜೊತೆಗೆ ಮೂತ್ರ, ಮಲದ ಹತೋಟಿ ತಪ್ಪಿದರೆ, ತೊಡೆಸಂದು ಜೋಮು ಹಿಡಿದರೆ, ಕಾಲಿನ ಬಲ ಕುಂದಿದರೆ ಅದು ತುರ್ತು ಸ್ಥಿತಿ, ಗಂಟೆಗಳ ಲೆಕ್ಕ. ಕಾರಣವಿಲ್ಲದೆ ತೂಕ ಇಳಿದು, ರಾತ್ರಿ ಮಲಗಿದರೂ ಬಿಡದ ಬೆನ್ನುನೋವು ಬೆನ್ನುಮೂಳೆಯ ಕ್ಷಯವೋ ಗಡ್ಡೆಯೋ ಆಗಿರಬಹುದು. ಎಡಭುಜ, ದವಡೆ, ಎದೆಯ ನೋವಿನೊಂದಿಗೆ ಬೆವರು, ಏದುಸಿರು ಬಂದರೆ ಅದು ಹೃದಯದ ಕರೆ. ದಶಕಗಳ ಕಾಲ ಕುಲುಮೆಯೆದುರು ದುಡಿದವನು ತನ್ನ ಹಳೆಯ ಭುಜನೋವೆಂದೇ ಅದನ್ನು ತಳ್ಳಿಹಾಕುವ ಸಂಭವ ಹೆಚ್ಚು. ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರುವ ಶಂಕೆ ಇರುತ್ತದೆ. ಅಲ್ಲಿ ಒತ್ತುವುದು ಪ್ರಾಣಾಪಾಯಕಾರಿ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಮೂಳೆಸವೆತದ ವೃದ್ಧರು, ಗರ್ಭಿಣಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ವೈದ್ಯರ ಒಪ್ಪಿಗೆಯಿಲ್ಲದೆ ಆಳದ ಒತ್ತಡಕ್ಕೆ ಮೈಯೊಡ್ಡಬಾರದು.

ಯಾರ ಕೈ?

ಭೌತಚಿಕಿತ್ಸಕರಾಗಲು ನಾಲ್ಕು ವರ್ಷಕ್ಕೂ ಮೀರಿದ ಪದವಿ ಶಿಕ್ಷಣ ಬೇಕು. ಸಂಸತ್ತು 2021ರಲ್ಲಿ ಅಂಗೀಕರಿಸಿದ ಪೂರಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆ ಈ ವೃತ್ತಿಯನ್ನು ತನ್ನ ವ್ಯಾಪ್ತಿಗೆ ತಂದಿದೆ. ಆದರೆ ಮಯೋಫೇಷಿಯಲ್ ರಿಲೀಸ್ ಒಂದು ಕೌಶಲವೇ ಹೊರತು ಪದವಿಯಲ್ಲ. ಅದನ್ನು ಕೆಲವೇ ದಿನಗಳ ಕಾರ್ಯಾಗಾರದಲ್ಲಿ ಕಲಿತು ಪ್ರಮಾಣಪತ್ರ ಪಡೆಯಬಹುದು. ಗೋಡೆಯ ಮೇಲಿನ ಪ್ರಮಾಣಪತ್ರಗಳ ಸಂಖ್ಯೆಗಿಂತ ಅದರ ಹಿಂದೆ ಫಿಜಿಯೋಥೆರಪಿ ಅಥವಾ ವೈದ್ಯಕೀಯ ಪದವಿ ಇದೆಯೇ ಎಂಬುದು ಮುಖ್ಯ. ಹತ್ತಿಪ್ಪತ್ತು ಭೇಟಿಗಳ ಹಣವನ್ನು ಮುಂಗಡ ಕೇಳಿದರೆ ಕೊಡಬೇಕಾಗಿಲ್ಲ. ನಾಲ್ಕರಿಂದ ಆರು ಭೇಟಿಗಳಲ್ಲಿ ನೋವಾಗಲಿ, ಬಾಗುವ ತಿರುಗುವ ಸಾಮರ್ಥ್ಯವಾಗಲಿ ಗುರುತಿಸುವಷ್ಟು ಬದಲಾಗದಿದ್ದರೆ ಚಿಕಿತ್ಸೆ ಮುಂದುವರಿಸುವ ಬದಲು ರೋಗನಿದಾನವನ್ನೇ ಮರುಪರಿಶೀಲಿಸುವುದು ಉಚಿತ.

ಮನೆಯಲ್ಲೇ ಮಾಡಿಕೊಳ್ಳಬಹುದಾದದ್ದೂ ಇದೆ. ಗೋಡೆಗೂ ಬೆನ್ನಿಗೂ ನಡುವೆ ಟೆನಿಸ್ ಚೆಂಡಿಟ್ಟು, ಬೆನ್ನುಮೂಳೆಯ ಮೇಲೆ ಬಾರದಂತೆ, ಬಿಗಿಯಿರುವ ಸ್ನಾಯುವಿನ ಮೇಲೆ ಮೈಭಾರ ಬಿಟ್ಟು ಒಂದೆರಡು ನಿಮಿಷ ನಿಂತರೆ ಹಗುರವೆನಿಸುತ್ತದೆ. ಹಿಮ್ಮಡಿ ನೋವಿಗೆ ಅದೇ ಚೆಂಡನ್ನು ಅಂಗಾಲಿನಡಿ ಹೊರಳಿಸಬಹುದು. ಆದರೆ ಮೆಟ್ಟುಗತ್ತಿಯ ಮುಂದೆ ನೆಲಮಟ್ಟದಲ್ಲಿ ಕುಳಿತು ಐದಾರು ಗಂಟೆ ಬಾಗಿರುವವರಿಗೆ ಚೆಂಡಿಗಿಂತ ಮೊದಲು ಬೇಕಾದದ್ದು ಬೆನ್ನಿಗೆ ಆನಿಕೆಯಿರುವ ತುಸು ಎತ್ತರದ ಆಸನ ಮತ್ತು ಮುಕ್ಕಾಲು ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕುವ ಬಿಡುವು. ಸುಲಿದ ಅಡಿಕೆಯ ಅಳತೆಗೆ ತಕ್ಕಂತೆ ಕೂಲಿ ಎಣಿಸುವಲ್ಲಿ ಆ ಬಿಡುವಿನ ನಷ್ಟ ಸುಲಿಯುವವರದೇ. ಹೊಲಿಗೆ ಘಟಕದಲ್ಲೂ ಮೂಟೆ ಹೊರುವಲ್ಲಿಯೂ ಲೆಕ್ಕ ಬೇರೆಯಲ್ಲ. ಅದನ್ನು ತುಂಬಿಕೊಡುವುದು ಚಿಕಿತ್ಸಕರ ಕೈಯಲ್ಲಿಲ್ಲ, ಕೆಲಸ ಕೊಟ್ಟವರ ಕೈಯಲ್ಲಿದೆ.